ನೆಲದ ಮೇಲಿಂದ ಹೋಗುವ ವಿಮಾನ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಚಿತ್ರದ ಮೂಲೆಯಲ್ಲಿ ದೊಡ್ಡದಾಗಿ ಸಹಿ ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮಂದಿ ಮೊದಲ ಸಹಿ ಓದ್ತಾರ, ಆಮ್ಯಾಲೆ ಚಿತ್ರ ನೋಡೂದು ಬಿಡ್ತಾರ" ಎನ್ನುತ್ತಿದ್ದರು. ರಾಯಚೂರಿನಲ್ಲಿ ನಾವು ಕಲಿತ ಚಿತ್ರಕಲಾ ಶಾಲೆಯಲ್ಲಿ ಎಲ್ಲರೂ ಅವರನ್ನು ಆಚಾರ್ರು ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ನನ್ನದೇ ತಪ್ಪೊಂದು ಎದುರಿಗೆ ಬಂದು ಕೂರುತ್ತಿತ್ತು, ಪೆನ್ನು ಮುಚ್ಚಿಡುತ್ತಿದ್ದೆ. ಈಗ ವಯಸ್ಸಾಗಿದೆ, ನಾಚಿಕೆ ಕಡಿಮೆಯಾಗಿದೆ, ಬರೆದುಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮಾನ್ವಿ ತಾಲ್ಲೂಕಿನ ಬಾಗಲವಾಡದವಳು, ಕುರಿ ಕಾಯುವ ಮನೆತನ. ಹೈಸ್ಕೂಲಿನ ಮಾಸ್ತರರೊಬ್ಬರು ಹಟ ಹಿಡಿದು ನನ್ನನ್ನು ರಾಯಚೂರಿನ ಹಾಸ್ಟೆಲಿಗೆ ಸೇರಿಸಿದ್ದರು. ಶಾಲೆಯಲ್ಲಿ ಕಮರ್ಷಿಯಲ್ ಆರ್ಟ್ ಎಂಬ ವಿಭಾಗವಿತ್ತು. ಪೋಸ್ಟರು, ಪುಸ್ತಕದ ರಕ್ಷಾಪುಟ, ಮಕ್ಕಳ ಕಥೆಗೆ ಚಿತ್ರ, ಅಂಗಡಿಯ ಬೋರ್ಡು, ಇವೆಲ್ಲ ಅಲ್ಲಿನ ಪಾಠ. ಊರಿನಲ್ಲಿ ನಮ್ಮಪ್ಪ "ಹುಡುಗಿ ಬೋರ್ಡ್ ಬರಿಯೂದು ಕಲಿಯಾಕ ಹೋಗ್ಯಾಳ" ಎಂದು ಹೇಳುತ್ತಿದ್ದ, ಅದು ಸುಳ್ಳೇನೂ ಅಲ್ಲ.

ಮೊದಲ ದಿನ ಕ್ಲಾಸಿಗೆ ಬಂದವರು ಕಚ್ಚೆ ಪಂಚೆ ಉಟ್ಟು, ಮೇಲೆ ತೋಳಿಲ್ಲದ ಬನಿಯನ್ನಿನಂಥ ಅಂಗಿ ತೊಟ್ಟು, ತೋಳಿನ ತುಂಬ ಗೋಪಿಚಂದನದ ಮುದ್ರೆ ಒತ್ತಿಕೊಂಡಿದ್ದರು. ಯಾರೋ ಪುರಾಣ ಹೇಳಲು ಬಂದಿದ್ದಾರೆಂದು ನಾವು ನಕ್ಕೆವು. ಅವರು ನಗಲೂ ಇಲ್ಲ, ಗದರಲೂ ಇಲ್ಲ. ಜೇಬಿನಿಂದ ಹಿತ್ತಾಳೆಯ ಪುಟ್ಟ ಡಬ್ಬಿ ತೆಗೆದರು. ಒಳಗೆ ಅವರ ಅಜ್ಜನ ಕಾಲದ, ಸವೆದು ಪೂಜೆಯಿಂದ ತೆಗೆದಿಟ್ಟ ಶಂಖ ಚಕ್ರದ ಅಚ್ಚುಗಳು.

"ಮುದ್ರಣ ಅಂದ್ರೇನು? ಯಾರು ಹೇಳ್ತೀರಿ?" ಎಂದರು. ತಾವೇ ಒಂದು ಅಚ್ಚನ್ನು ಹಳದಿ ಮಣ್ಣಿನಲ್ಲಿ ಅದ್ದಿ ಮುಂಗೈ ಮೇಲೆ ಒತ್ತಿಕೊಂಡರು. "ಅಚ್ಚಿನ್ಯಾಗ ಶಂಖದ ಬಾಯಿ ಎಡಕ್ಕ ಅದ. ಮೈಮ್ಯಾಲೆ ಬಲಕ್ಕ ಬಂತು. ಹೆಚ್ಚು ಒತ್ತಿದರ ಕಲಸತದ, ಕಡಿಮಿ ಒತ್ತಿದರ ಮೂಡಂಗಿಲ್ಲ. ಇಷ್ಟು ತಿಳಿದರ ಅರ್ಧಾ ವರ್ಷದ ಪಾಠ ಮುಗೀತು." ಆ ದಿನ ಸಂಜೆ ನಮ್ಮ ಹಾಸ್ಟೆಲಿನಲ್ಲಿ ಆಲೂಗಡ್ಡೆ ಉಳಿಯಲಿಲ್ಲ. ಎಲ್ಲವನ್ನೂ ಕೊರೆದು ಗೋಡೆ, ಚಾದರ, ಮೈ, ಸಿಕ್ಕಸಿಕ್ಕಲ್ಲಿ ಒತ್ತಿದ್ದೆವು.

ವರ್ಷಕ್ಕೊಮ್ಮೆ ದೇವದುರ್ಗದ ಬಸ್ಸಿಗೆ ಹತ್ತಿಸಿ ಗೂಗಲ್ ಎಂಬ ಹಳ್ಳಿಗೆ ಕರೆದೊಯ್ಯುತ್ತಿದ್ದರು. ತಾವು ವೈಷ್ಣವರಾದರೂ ಅಲ್ಲಮಪ್ರಭುವಿನ ಗುಡಿಗೆ ಕೈಮುಗಿದೇ ಕೃಷ್ಣೆಗೆ ಇಳಿಯುತ್ತಿದ್ದರು. "ಹೊಳಿ ತೆಗೀರಿ" ಎಂದರೆ ನಾವೆಲ್ಲ ಕಾಗದದ ಮೇಲೆ ಅಲೆ ಎಳೆಯುತ್ತಿದ್ದೆವು. "ಇವೇನು, ಹಾವೇನು?" ಎಂದು ಕೇಳಿ, "ನೀರಿಗೆ ಗೆರಿ ಇಲ್ಲ. ದಂಡಿಗೆ ಅದ. ಎರಡೂ ದಂಡಿ ಬರೋಬ್ಬರಿ ತೆಗದು ನಡುವ ಖಾಲಿ ಬಿಡ್ರಿ, ನೀರು ತಾನ ಬರತದ" ಎನ್ನುತ್ತಿದ್ದರು. ನನಗೆ ಅದು ಸಾಧಿಸಲು ಎರಡು ವರ್ಷ ಹಿಡಿಯಿತು.

ಆದರೆ ಅವರ ಕೈಯ ನಿಜವಾದ ಕೆಲಸ ಶಾಲೆಯಲ್ಲಿರಲಿಲ್ಲ. ಅವರ ಮನೆತನಕ್ಕೆ ರಾಯಚೂರಿನ ಕೋಟೆಯ ಬದಿಯ ಸಣ್ಣದೊಂದು ಗುಡಿಯ ಪೂಜೆ ಇತ್ತು. ತಂದೆಗೆ ವಯಸ್ಸಾಗಿತ್ತು, ಆಚಾರ್ರು ಮತ್ತು ಅವರ ತಮ್ಮ ಸರದಿಯಲ್ಲಿ ಪೂಜೆ ಮಾಡುತ್ತಿದ್ದರು. ಅಕ್ಷಯ ತೃತೀಯದ ದಿನ ಬಿಸಿಲಿನ ಝಳಕ್ಕೆ ತಂಪಾಗಲೆಂದು ದೇವರ ಮೈಗೆಲ್ಲ ಗಂಧ ಲೇಪಿಸುತ್ತಾರೆ. ಆ ಕೆಲಸ ಮಾತ್ರ ಪ್ರತಿವರ್ಷ ಆಚಾರ್ರದ್ದೇ. ಒಂದು ವಾರ ಮನೆಯವರೆಲ್ಲ ಗಂಧ ತೇಯುವರು. ಇವರು ಒಳಗೆ ಹೋಗಿ ನಾಲ್ಕೈದು ಗಂಟೆ ಹೊರಬರುತ್ತಿರಲಿಲ್ಲ. ಪರದೆ ಸರಿದಾಗ ಒಂದು ವರ್ಷ ಬೆಣ್ಣೆ ಹಿಡಿದ ಕೂಸು, ಒಂದು ವರ್ಷ ವರಾಹ. ಹುಬ್ಬು, ರೆಪ್ಪೆ, ಬೆರಳಿನ ಗೆಣ್ಣು ಎಲ್ಲ ಬರೀ ಗಂಧದಲ್ಲಿ. ನಾವು ವಿದ್ಯಾರ್ಥಿಗಳು ಹೊರಗಿನ ಮಂಟಪದಲ್ಲಿ ಕತ್ತು ಉದ್ದ ಮಾಡಿ ನೋಡುತ್ತಿದ್ದೆವು. ಮರುದಿನ ಬೆಳಿಗ್ಗೆ ಅಭಿಷೇಕಕ್ಕೆ ಅದೆಲ್ಲ ತೊಳೆದುಹೋಗುತ್ತಿತ್ತು. ಅಷ್ಟು ಚೆಂದದ್ದನ್ನು ತೊಳೆಯಲು ಮನಸ್ಸು ಹೇಗೆ ಬರುತ್ತದೆಂದು ನಾನು ಕೇಳಿದ್ದೆ. "ಅದಕ್ಕ ಮತ್ತ ಮುಂದಿನ ವರ್ಷ ತೆಗೀಬಹುದು" ಎಂದರು. ಆ ಮನುಷ್ಯ ವರ್ಷವಿಡೀ ಆ ಒಂದು ದಿನಕ್ಕಾಗಿ ಬದುಕುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ದಿನ ಪ್ರಿನ್ಸಿಪಾಲರ ಕೋಣೆಗೆ ಒಂದು ಪತ್ರ ಬಂತು. ಜೆಕೊಸ್ಲೊವಾಕಿಯಾ ದೇಶದ ಒಂದು ಊರಿನ ಶಾಲೆಯವರು ಪುಸ್ತಕ ಚಿತ್ರ ಮತ್ತು ಮುದ್ರಣ ಕಲಿಯುವ ಹುಡುಗರನ್ನು ಒಂದು ತಿಂಗಳ ಅಧ್ಯಯನಕ್ಕೆ ಕರೆಯುತ್ತಿದ್ದಾರೆ, ನಮ್ಮ ರಾಜ್ಯದಿಂದ ಹತ್ತು ಜನ ಹೋಗಬಹುದು, ರಾಯಚೂರಿಗೆ ಇಬ್ಬರು. ಆರಿಸಿದ್ದು ನನ್ನನ್ನು ಮತ್ತು ದೇವದುರ್ಗದ ಶರಣಪ್ಪನನ್ನು. ಜೊತೆಗೆ ಒಬ್ಬ ಮೇಷ್ಟ್ರು. ಪುಸ್ತಕದ ಕೆಲಸ ಗೊತ್ತಿದ್ದವರು ಆಚಾರ್ರು ಒಬ್ಬರೇ.

ಆಗಲೇ ತೊಡಕು ತಿಳಿದದ್ದು. ಅವರ ಮನೆತನದಲ್ಲಿ ಪೂಜೆ ಮಾಡುವವನು ಸಮುದ್ರ ದಾಟುವಂತಿಲ್ಲ. ದಾಟಿದರೆ ಅವನ ಪಾಲಿಗೆ ಗರ್ಭಗುಡಿ ಮುಚ್ಚಿದಂತೆ. ಶರಣಪ್ಪ ಅದನ್ನು ಕೇಳಿ, "ಸಮುದ್ರ ದಾಟಬಾರದಂದ್ರ ನೆಲದ ಮ್ಯಾಲಿಂದ ಹೋದರಾತಿಲ್ಲ?" ಎಂದ. ಶಾಲೆಯ ದೊಡ್ಡ ಅಟ್ಲಾಸ್ ಹೊತ್ತುಕೊಂಡು ನಾವಿಬ್ಬರೂ ಅವರ ಮನೆಯ ಕಟ್ಟೆಗೆ ಹೋದೆವು. ಆಚಾರ್ರು ನಮ್ಮನ್ನು ತಡೆಯಲೂ ಇಲ್ಲ, ಜೊತೆಗೆ ಕೂರಲೂ ಇಲ್ಲ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದರು. ಅವರಿಗೂ ಹೋಗುವ ಆಸೆ ಇತ್ತೆಂದು ನನಗೆ ಅವತ್ತೇ ಗೊತ್ತಾಯಿತು.

ಅವರ ತಂದೆಯನ್ನು ಊರವರು ದೊಡ್ಡ ಆಚಾರ್ರು ಎನ್ನುತ್ತಿದ್ದರು, ನಾವು ಅಜ್ಜಾರು ಎನ್ನುತ್ತಿದ್ದೆವು. ಭೂತಗನ್ನಡಿ ಹಿಡಿದು ಭೂಪಟದ ಮೇಲೆ ಬಗ್ಗಿದರು. ಶರಣಪ್ಪ ದೆಹಲಿಯಿಂದ ಅಳತೆಪಟ್ಟಿ ಇಟ್ಟರೆ ನಡುವೆ ಎರಡು ಸಮುದ್ರದ ನೀಲಿ ಬರುತ್ತಿದ್ದವು. ಹಾಗಾಗಿ ಪಟ್ಟಿ ಬಿಟ್ಟು ದಾರ ತಂದಿದ್ದ. ದಾರವನ್ನು ಒಂದು ನೀಲಿಯ ಮೇಲುಗಡೆಯಿಂದ ಬಳಸಿ, ಇನ್ನೊಂದರ ಮೇಲುಗಡೆಯಿಂದ ಬಳಸಿ, ಮಾಸ್ಕೋ ಮುಟ್ಟಿಸಿ ಆ ದೇಶಕ್ಕೆ ತಂದು ಇಳಿಸಿದ.

"ವಿಮಾನ ಹಿಂಗ ಬಳಸಿಕೋತ ಹೋಗತದೇನೋ?"

"ಹೋಗತದ್ರಿ ಅಜ್ಜಾರ. ಟಿಕೀಟ ಮಾಸ್ಕೋ ಮ್ಯಾಲಿಂದನ ಅದರಿ."

"ಪೈಲಟ್ ಏನು ವೈಷ್ಣವನೇನೋ, ನೀರು ಬಿಟ್ಟು ಹೋಗಲಿಕ್ಕೆ?" ಎಂದು ಅಜ್ಜಾರು ಜೋರಾಗಿ ನಕ್ಕರು. ನಗು ನಿಂತ ಮೇಲೆ ಒಳಗಿದ್ದ ಮಗನಿಗೆ ಕೇಳುವಂತೆ ಹೇಳಿದರು: "ನೆಲದ ಮ್ಯಾಲಿಂದ ಹೋದರ ನನ್ನದೇನೂ ಅಡ್ಡಿ ಇಲ್ಲ. ನೀರು ದಾಟಿದರ ಮಾತ್ರ ಗರ್ಭಗುಡಿ ಹೊಸ್ತಿಲ ದಾಟೂದಿಲ್ಲ. ನನ್ನ ಮಗ ಅಂತ ಬ್ಯಾರೆ ನ್ಯಾಯ ಇಲ್ಲ." ಒಳಗಿನಿಂದ "ಆಗಲಿ" ಎಂದು ಕೇಳಿಸಿತು.

ನಮ್ಮಪ್ಪನದು ಬೇರೆ ನ್ಯಾಯ. ಆಚಾರ್ರು ಬಾಗಲವಾಡಕ್ಕೆ ಬಂದರು. ಇವರನ್ನು ಎಲ್ಲಿ ಕೂರಿಸುವುದೆಂದು ನಮ್ಮವ್ವ ಕಂಗಾಲು. ಅಪ್ಪ ಹೊಸ ಕಂಬಳಿ ಹಾಸಿದ. "ಉಣ್ಣಿಗೆ ಮೈಲಿಗಿ ಇಲ್ಲ" ಎಂದು ಆಚಾರ್ರು ಆರಾಮವಾಗಿ ಕೂತು, ಬಾಳೆಹಣ್ಣು ತಿಂದು, ಕಂಬಳಿಯ ಅಂಚಿನ ನೇಯ್ಗೆಯನ್ನು ಚೀಟಿಯಲ್ಲಿ ಬರೆದುಕೊಂಡರು.

"ನಮ್ಮ ಹುಡುಗಿ ಮಾನ್ವಿ ಸಂತಿಗೂ ಒಬ್ಬಾಕೀನ ಹೋದಾಕಿ ಅಲ್ರಿ" ಎಂದ ಅಪ್ಪ. "ನೀವು ಸಂಗಾಟ ಇರ್ತೀರೇನ್ರಿ?"

"ಇರ್ತೀನಪಾ."

"ನಡುವ ಮತ್ತೊಬ್ಬರ ಕೈಗೆ ಕೊಡಂಗಿಲ್ಲೇನ್ರಿ?"

"ಕೊಡಂಗಿಲ್ಲ. ನಿನ್ನ ಅಂಗಳದಾಗಿಂದ ಕರಕೊಂಡು ಹೋಗಿ ನಿನ್ನ ಅಂಗಳಕ್ಕ ತಂದು ಬಿಡ್ತೀನಿ."

ಅಪ್ಪ ಅದಕ್ಕಿಂತ ಹೆಚ್ಚು ಏನನ್ನೂ ಕೇಳಲಿಲ್ಲ.

ರೈಲಿನಲ್ಲಿ ದೆಹಲಿಗೆ ಹೋದೆವು. ಆಚಾರ್ರ ಚೀಲದಲ್ಲಿ ಒಂದು ತಿಂಗಳಿಗಾಗುವಷ್ಟು ಅವಲಕ್ಕಿ, ಚಟ್ನಿಪುಡಿ, ಒಣಗಿಸಿದ ಹಪ್ಪಳ. ದೆಹಲಿಯಲ್ಲಿ ವಿಮಾನದವರು ಹೇಳಿದರು, ಮಾಸ್ಕೋ ವಿಮಾನ ರದ್ದಾಗಿದೆ, ನಿಮ್ಮನ್ನೆಲ್ಲ ಮುಂಬಯಿಗೆ ಕಳಿಸಿ ಅಲ್ಲಿಂದ ಬೇರೆ ವಿಮಾನ ಹತ್ತಿಸುತ್ತೇವೆ ಎಂದು. ಮುಂಬಯಿಯಿಂದ ಎಂದರೆ ಅರಬ್ಬಿ ಸಮುದ್ರ. ಅದನ್ನು ಬಳಸಿ ಹೋಗುವ ದಾರ ಶರಣಪ್ಪನ ಹತ್ತಿರವೂ ಇರಲಿಲ್ಲ.

ಮುಂಬಯಿ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಬೆಳಗಿನ ಹೊತ್ತು ನಾವು ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ರಾಜ್ಯದಿಂದ ಹೊರಟ ನಮ್ಮ ಗುಂಪಿನಲ್ಲಿ ಬೆಂಗಳೂರಿನ ಒಬ್ಬ ಲೇಡಿ ಲೆಕ್ಚರರ್ ಇದ್ದರು. ವಿಷಯ ತಿಳಿದು ಅವರು ಬಹಳ ಮರ್ಯಾದೆಯಿಂದಲೇ, "ನೀವು ಇಲ್ಲಿಂದ ವಾಪಸ್ ಹೋಗಿಬಿಡಿ ಸರ್. ಈ ಇಬ್ಬರನ್ನೂ ನಾನು ನೋಡಿಕೊಳ್ಳುತ್ತೇನೆ" ಎಂದರು.

ನಾನು ತಕ್ಷಣ, "ಹೌದ್ರಿ ಸರ್. ನಾ ಮೇಡಂ ಜೋಡಿ ಇರ್ತೀನಿ. ನಮ್ಮಪ್ಪಗ ಹೇಳಂಗಿಲ್ಲ" ಎಂದೆ.

"ನಿಮ್ಮಪ್ಪಗ ನೀ ಹೇಳಂಗಿಲ್ಲ. ಆತು. ನಾ ಏನು ಹೇಳಲಿ?" ಎಂದರು ಆಚಾರ್ರು. ನನ್ನ ಮುಖ ನೋಡದೆ, ನೆಲ ನೋಡುತ್ತ.

ನಾನು ಹೇಳಬಹುದಾಗಿದ್ದ ಮಾತು ಇನ್ನೊಂದಿತ್ತು. 'ಸರ್, ಹಂಗಾದ್ರ ನಾನೂ ಬರ್ತೀನಿ. ಇಬ್ಬರೂ ತಿರುಗಿ ಊರಿಗೆ ಹೋಗೋಣು.' ಆಗ ಅವರ ಮಾತೂ ಉಳಿಯುತ್ತಿತ್ತು, ಪೂಜೆಯೂ ಉಳಿಯುತ್ತಿತ್ತು. ಆ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ನನಗೆ ಹೋಗಬೇಕಿತ್ತು. ಇಪ್ಪತ್ತು ವರ್ಷದವಳು, ಕುರಿ ಹಟ್ಟಿಯಿಂದ ಅಲ್ಲಿಯವರೆಗೆ ಬಂದವಳು, ತಿರುಗಿ ಹೋದರೆ ಮದುವೆ ಮಾಡಿ ಮುಗಿಸುತ್ತಾರೆಂದು ಗೊತ್ತಿದ್ದವಳು. ಕಾರಣ ಎಷ್ಟು ಕೊಟ್ಟರೂ ಅದು ಸ್ವಾರ್ಥವೇ. ವಿಮಾನಕ್ಕೆ ಕರೆ ಬಂತು. ಆಚಾರ್ರು ಎದ್ದು, ಅವಲಕ್ಕಿಯ ಚೀಲ ಹೆಗಲಿಗೇರಿಸಿ, ನಮಗಿಂತ ಮುಂದೆ ನಡೆದರು.

ಕಿಟಕಿಯ ಹತ್ತಿರ ನಾನು, ನಡುವೆ ಅವರು, ಆ ಕಡೆ ಶರಣಪ್ಪ. ವಿಮಾನ ಏಳುತ್ತಿದ್ದಂತೆ ನಾನು ಕಿಟಕಿಯ ಮುಚ್ಚಳ ಎಳೆದೆ. "ನೋಡಬ್ಯಾಡ್ರಿ ಸರ್. ನೋಡಲಿಲ್ಲಂದ್ರ ನೀರು ಇತ್ತೋ ಇಲ್ಲೋ ನಿಮಗೇನು ಗೊತ್ತು? ಅಜ್ಜಾರು ಕೇಳಿದ್ರ ಗೊತ್ತಿಲ್ಲ ಅನ್ನಬಹುದು." ಶರಣಪ್ಪನೂ ಹೌದೆಂದ. ಅದೇ ಆ ದಾರದ ಬುದ್ಧಿ ಇಬ್ಬರದೂ.

"ತೆಗಿ ಅದನ್ನ" ಎಂದರು. ಅಷ್ಟು ಕಟುವಾಗಿ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ತೆಗೆದೆ. ನನ್ನ ಮೇಲಿಂದ ಬಾಗಿ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. "ಇದಕ್ಕ ದಂಡಿನ ಇಲ್ಲಲ್ಲ" ಎಂದು ಮೆಲ್ಲಗೆ ಅಂದು, ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಕಣ್ಣಿನ ಮೂಲೆಯಲ್ಲಿ ನೀರಿತ್ತು. ನಾನು ಮುಖ ಆಚೆ ತಿರುಗಿಸಿಕೊಂಡೆ.

ಆ ತಿಂಗಳು ನನ್ನ ಬದುಕನ್ನೇ ರೂಪಿಸಿತು. ಕಲ್ಲಿನ ಮೇಲೆ ಮೇಣದ ಕಡ್ಡಿಯಿಂದ ಚಿತ್ರ ಬರೆದು ಕಾಗದಕ್ಕೆ ಇಳಿಸುವುದನ್ನು ಅಲ್ಲಿ ಕಲಿತೆ. ಮಕ್ಕಳ ಪುಸ್ತಕಗಳನ್ನು ಅಷ್ಟು ಒಳ್ಳೆಯ ಕಾಗದದ ಮೇಲೆ, ಅಷ್ಟು ಗಂಭೀರವಾಗಿ ಮಾಡುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಆಚಾರ್ರು ಹಾಲು, ಹಣ್ಣು, ಅವಲಕ್ಕಿಯ ಮೇಲೆ ದಿನ ತೆಗೆದು ಇಳಿದುಹೋದರು. ಆದರೆ ಕೆಲಸದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಅವರೇ. ಅಲ್ಲಿನ ಮುದುಕ ಮುದ್ರಕನೊಬ್ಬ ಇವರ ತೋಳಿನ ಗುರುತು ನೋಡಿ ಏನೆಂದು ಸನ್ನೆಯಲ್ಲೇ ಕೇಳಿದ. ಇವರು ಹಿತ್ತಾಳೆ ಡಬ್ಬಿ ತೆಗೆದರು. ಅವನು ಏಪ್ರನ್ನಿಗೆ ಕೈ ಒರೆಸಿ, ಅಂಗಿಯ ತೋಳು ಮೇಲಕ್ಕೇರಿಸಿ ಮುಂಗೈ ಚಾಚಿದ. ಇವರು ಒತ್ತಿದರು. ಭಾಷೆ ಬಾರದ ಇಬ್ಬರೂ ಆ ಗುರುತಿನ ಅಂಚನ್ನು ಬೆಳಕಿಗೆ ಹಿಡಿದು ತಲೆಯಾಡಿಸುತ್ತ ನಿಂತಿದ್ದರು.

ಒಂದು ದಿನ ನಾನು ಕಲ್ಲಿನಿಂದ ಇಳಿಸಿದ ಮೊದಲ ಹಾಳೆಯನ್ನು ಅವರಿಗೆ ತೋರಿಸಿದೆ. ನಮ್ಮೂರ ಕುರಿಮಂದೆ. ಎರಡೂ ಕೈಯಲ್ಲಿ ಹಿಡಿದು ನೋಡಿದರು. ಹಾಳೆಯನ್ನು ತಿರುಗಿ ಕೊಡುವಾಗ ಬಲಗೈಯಿಂದ ನನ್ನ ತಲೆ ಮುಟ್ಟಿದರು. ಅದಕ್ಕೆ ಮುಂಚೆ, ಅದರ ನಂತರ, ಅವರು ಎಂದೂ ಹಾಗೆ ಮಾಡಿದ್ದಿಲ್ಲ.

ತಿರುಗಿ ಬಂದಾಗ ನನ್ನನ್ನು ಬಾಗಲವಾಡದ ಅಂಗಳಕ್ಕೆ ಬಿಟ್ಟೇ ಅವರು ಮನೆಗೆ ಹೋಗಬೇಕೆಂದಿದ್ದರು. ದಾರಿಯಲ್ಲೇ ಅವರ ಮನೆ, ಅಜ್ಜಾರಿಗೆ ಮುಖ ತೋರಿಸಿ ಹೋಗೋಣವೆಂದು ನಾನೇ ಒತ್ತಾಯ ಮಾಡಿದೆ. ಒಳ್ಳೆಯದಕ್ಕೆಂದೇ ಮಾಡಿದ್ದು. ಅಜ್ಜಾರು ಕಟ್ಟೆಯ ಮೇಲಿದ್ದರು. ಸಂತೋಷದಿಂದ ಎದ್ದು ನಿಂತು, "ಆ ವೈಷ್ಣವ ಪೈಲಟ್ ಸಿಕ್ಕಿದ್ನೇನೋ?" ಎಂದು ಕೇಳಿದರು. ನಾನೂ ಶರಣಪ್ಪನೂ ಒಟ್ಟಿಗೆ ನಗತೊಡಗಿದೆವು. ಆಚಾರ್ರು ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತರು.

"ಇಲ್ಲಪ್ಪಾ. ಮುಂಬಯಿಯಿಂದ ಹೋದ್ವಿ. ಕೆಳಗ ನೀರಿತ್ತು. ನಾ ನೋಡಿದೆ."

ಅಜ್ಜಾರು ನಿಧಾನವಾಗಿ ಕೂತರು. "ನೀ ಹೇಳದಿದ್ರ ನನಗ ಗೊತ್ತಾಗತಿರಲಿಲ್ಲಲ್ಲೋ" ಎಂದರು.

"ಅದಕ್ಕ ಹೇಳಿದೆ."

ಮುಂದಿನ ಅಕ್ಷಯ ತೃತೀಯಕ್ಕೆ ನಾನು ಗುಡಿಗೆ ಹೋದೆ. ಒಳಗೆ ಅವರ ತಮ್ಮ. ಆಚಾರ್ರು ನಮ್ಮ ಜೊತೆ ಹೊರಗಿನ ಮಂಟಪದಲ್ಲಿ, ಕಂಬಕ್ಕೆ ಒರಗಿ. ಪರದೆ ಸರಿಯಿತು. ಗಂಧ ತೆಳುವಾಗಿತ್ತು, ಕೆನ್ನೆಯ ಮೇಲೆ ಆಗಲೇ ಬಿರುಕು ಬಿಟ್ಟಿತ್ತು. ಕಣ್ಣು ಒಂದು ಮೇಲೆ, ಒಂದು ಕೆಳಗೆ. ತಮ್ಮ ಹೊರಬಂದು ಅಂಜುತ್ತ, "ಹೆಂಗಾಗೇದಣ್ಣಾ?" ಎಂದ. "ಚೊಲೋ ಆಗೇದ" ಎಂದು ಆಚಾರ್ರು ಅಡ್ಡಬಿದ್ದರು. ಏಳಲು ಎಷ್ಟೊಂದು ಹೊತ್ತು ತೆಗೆದುಕೊಂಡರೆಂದರೆ ಹಿಂದಿನವರು ಗೊಣಗತೊಡಗಿದರು.

ಆಮೇಲೆ ನನಗೆ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ರಾಯಚೂರಿಗೆ ಹೋದಾಗಲೆಲ್ಲ ಅವರನ್ನು ಕಾಣುತ್ತಿದ್ದೆ. ಅಕ್ಷರದ ಬಗ್ಗೆ, ಕಾಗದದ ಬಗ್ಗೆ ಮಾತಾಡುತ್ತಿದ್ದೆವು. ಗುಡಿಯ ಮಾತನ್ನು ಅವರೂ ಎತ್ತಲಿಲ್ಲ, ನನಗೂ ಧೈರ್ಯವಾಗಲಿಲ್ಲ. ಎಂಬತ್ತರ ದಶಕ ಮುಗಿಯುವ ಮುಂಚೆ, ನಿವೃತ್ತಿಯಾದ ಮರುವರ್ಷವೇ, ಅವರು ಹೋದರು.

ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಐದು ದಿನವಾಗಿತ್ತು. ಕಟ್ಟೆಯ ಮೇಲೆ ಅಜ್ಜಾರು ಒಬ್ಬರೇ ಕೂತಿದ್ದರು. ತೊಂಬತ್ತರ ಹತ್ತಿರದ ವಯಸ್ಸು, ಕಣ್ಣು ಪೂರ್ತಿ ಹೋಗಿತ್ತು. ಸೂತಕದ ಮನೆ, ಮಡಿಯ ಮಾತಿಲ್ಲ. ನಾನು ಅವರ ಪಕ್ಕದಲ್ಲೇ ಕೂತೆ. ಯಾರೆಂದು ಹೇಳಿದೆ. ಆಮೇಲೆ ತಡೆಯಲಾಗಲಿಲ್ಲ, ಮುಂಬಯಿಯ ಬೆಂಚಿನ ಮೇಲೆ ನುಂಗಿದ ಮಾತನ್ನು ಅವರೆದುರು ಅಳುತ್ತ ಕಕ್ಕಿಬಿಟ್ಟೆ. "ತಿರುಗಿ ಹೋಗೋಣು ಅಂತ ನಾ ಒಂದು ಮಾತು ಅಂದಿದ್ರ ಸರ್ ಪೂಜಿ ಉಳೀತಿತ್ತರಿ ಅಜ್ಜಾರ. ನನ್ನಿಂದ ಹೋತು."

"ಅಂದಿದ್ರ ಅಂವ ಬರ್ತಿದ್ದ" ಎಂದರು ಅಜ್ಜಾರು. "ನೀ ಎಲ್ಲಿ ಅಂದುಬಿಡ್ತೀಯೋ ಅಂತ ಅಂಜಿ ನಿನ್ನ ಮಾರಿ ನೋಡದ ಕೂತಿದ್ನಂತ. ಆಮ್ಯಾಲೆ ತಾನ ಹೇಳಿದ."

ನಾನು ಅಳು ನಿಲ್ಲಿಸಿ ಅವರ ಮುಖ ನೋಡಿದೆ.

"ಮತ್ತ, ಪೂಜಿ ನಿನ್ನಿಂದ ಹೋಗಿಲ್ಲ. ಅದಕ್ಕ ಪ್ರಾಯಶ್ಚಿತ್ತ ಇತ್ತು. ನಾನ ಹುಡುಕಿಸಿದೆ, ನಾನ ಎಲ್ಲಾ ಹೊಂದಿಸಿದೆ. ಮೂರು ದಿನದ ಕೆಲಸ. ಮಣೆ ಮ್ಯಾಲೆ ಬಂದು ಕೂತ. ಸಂಕಲ್ಪದಾಗ, ಮಾಡಬಾರದ್ದು ಮಾಡಿದೆ, ಅದಕ್ಕ ಪಶ್ಚಾತ್ತಾಪ ಪಡ್ತೀನಿ ಅನ್ನಬೇಕು. ಅಲ್ಲಿಗೆ ಬಂದು ನಿಂತ. 'ಮನಸ್ಸಿನಿಂದ ಅನ್ನಬೇಕೇನಪ್ಪಾ?' ಅಂದ. 'ಮತ್ತ ಹೆಂಗೋ?' ಅಂದೆ. 'ಮನಸ್ಸಿನಿಂದ ಬರೂದಿಲ್ಲ. ಆ ಹುಡುಗಿ ಅಲ್ಲಿ ಕಲ್ಲಿನ ಮ್ಯಾಲೆ ತೆಗದಿದ್ದು ನಾ ನೋಡೀನಿ. ಕರಕೊಂಡು ಹೋಗಿದ್ದು ತಪ್ಪು ಅಂತ ದೇವರ ಮುಂದ ಹೆಂಗ ಹೇಳಲಿ?' ಅಂದು ಎದ್ದುಬಿಟ್ಟ."

ಅಜ್ಜಾರು ಪಂಚೆಯ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ವರ್ಷಾ ಗಂಧ ತೇಯೂ ಹೊತ್ತಿಗೆ ಕೇಳತಿದ್ದೆ, ಈ ಸಲ ಅಂತೀಯೇನೋ ಅಂತ. ತಲಿ ಅಲ್ಲಾಡಸ್ತಿದ್ದ. ಮೊನ್ನೆ ದವಾಖಾನಿಯೊಳಗೂ ಕೇಳಿದೆ. ಒಂದ ಒಂದು ಮಾತು ಅನ್ನು ಮಗನ, ನಾ ನಿನ್ನ ಕೈಯಾಗ ಗಂಧದ ಬಟ್ಟಲ ಕೊಡ್ತೀನಿ ಅಂದೆ. ಅದಕ್ಕ ಅಂವ, 'ಅಪ್ಪಾ, ಆಕಿ ಚಿತ್ರ ನೀವು ನೋಡೀರೇನು?' ಅಂದ. ಕಣ್ಣಿಲ್ಲದಾಂವಗ ಕೇಳ್ತಾನ ನೋಡು."

ನನ್ನ ಚೀಲದಲ್ಲಿ ಹೊಸದಾಗಿ ಅಚ್ಚಾದ ಒಂದನೇ ಇಯತ್ತೆಯ ಪುಸ್ತಕವಿತ್ತು. ಒಳಗಿನ ಚಿತ್ರವೆಲ್ಲ ನನ್ನವು. ಆಚಾರ್ರಿಗೆ ಕೊಡಲೆಂದು ಎತ್ತಿಟ್ಟಿದ್ದೆ. ಅದನ್ನು ಅಜ್ಜಾರ ತೊಡೆಯ ಮೇಲೆ ಬಿಚ್ಚಿಟ್ಟೆ.

"ಏನದ ಇದರಾಗ?" ಎಂದರು.

"ಒಬ್ಬಾಕಿ ಹುಡುಗಿ ಅದಾಳ್ರಿ. ಕುರಿಮರಿ ಎತ್ತಿಕೊಂಡು ಸಾಲಿ ಬಾಗಲದಾಗ ನಿಂತಾಳ."

"ಮರಿ ಬಣ್ಣ?"

"ಕರಿದು. ಕಿವಿ ಅಷ್ಟ ಬಿಳಿ."

"ಕಿವಿ ಎಲ್ಲದ?"

ಅವರ ತೋರುಬೆರಳು ಹಿಡಿದು ಕಿವಿಯ ಮೇಲೆ ಇಟ್ಟೆ. ಅವರು ಆ ನುಣ್ಣನೆಯ ಕಾಗದದ ಮೇಲೆ ಬೆರಳನ್ನು ಸುತ್ತ ಆಡಿಸಿದರು. ನಾನು ಪುಟ ತಿರುಗಿಸಿದೆ, ಹೇಳಿದೆ, ಬೆರಳು ಇಟ್ಟೆ. ಮತ್ತೆ ತಿರುಗಿಸಿದೆ. ಒಳಗಿನಿಂದ ಕಿರಿಯ ಮಗ ಬಂದು, ಪುರೋಹಿತರು ಕಾಯುತ್ತಿದ್ದಾರೆ, ಕರ್ಮಕ್ಕೆ ಹೊತ್ತಾಯಿತು ಎಂದ.

"ನಿಂದ್ರಲಿಕ್ಕೆ ಹೇಳು" ಎಂದರು ಅಜ್ಜಾರು, ಪುಸ್ತಕದಿಂದ ಕೈ ಎತ್ತದೆ. "ನಾ ಇನ್ನೂ ನೋಡಲಿಕ್ಕತ್ತೀನಿ."